ಎಂಜಿನ್ನಿಗೆ ಇಳಿದ ನೀರು

ಈ ಚೀಟಿ ಯಾರ ಕೈಗೆ ಸಿಕ್ಕಿದೆಯೋ ಅವರು ಮೊದಲು ಮಡಚಿ ಇಡಿರಿ. ಇನ್ನೊಬ್ಬರ ಗಂಡನಿಗೆ ಬರೆದದ್ದನ್ನು ಓದಲು ನಾಚಿಕೆಯಾಗುವುದಿಲ್ಲವೇ?

ಏನ್ರೀ, ನೀವು ಕೇಳಿರಿ. ನೀವು ತೀರಿಹೋಗಿ ಒಂಬತ್ತು ವರ್ಷವಾಯಿತು. ಮೊಮ್ಮಗ ಮಾಂತೇಶ ಈಗ ಸವದತ್ತಿಯಿಂದ ಸಾಮಾನು ತಂದು, ರವಿವಾರಕ್ಕೊಮ್ಮೆ ನಿಮ್ಮ ಮೋಟರ್ ಸೈಕಲ್ಲು ರಿಪೇರಿ ಮಾಡುತ್ತಿದ್ದಾನೆ. ಇವತ್ತು ಎಂಜಿನ್ ಬಿಚ್ಚಿದ. ಒಳಗೆಲ್ಲ ತುಕ್ಕು, ಪಿಸ್ಟನ್ ಕಚ್ಚಿಕೊಂಡು ಕೂತಿತ್ತು.

"ಆಯಿ, ಇದರಾಗ ನೀರು ಹೊಕ್ಕೈತಿ. ಅಜ್ಜ ಗಾಡಿ ಮಳ್ಯಾಗ ನಿಲ್ಲಸ್ತಿದ್ನೇನ?"

"ನಿಮ್ಮಜ್ಜಗ ಯಾತರ ಖಬರ ಇತ್ತಪಾ," ಎಂದುಬಿಟ್ಟೆ.

"ಎಂಥಾ ಬೇಪರ್ವಾ ಮನಷ್ಯಾನೋ ಏನೋ," ಎಂದು ನಕ್ಕ.

ದಿನಾ ಚಹಾಕ್ಕಿಂತ ಮೊದಲು ಒಣ ಅರಿವೆಯಿಂದ ಗಾಡಿ ಒರೆಸುತ್ತಿದ್ದವರು ನೀವು. ನೀರು ಹೊಯ್ದವಳು ನಾನು. ನೀವು ಹೋದ ಮೇಲೆ ಪ್ರತಿ ಅಮಾವಾಸ್ಯೆಗೆ ಕೊಡಗಟ್ಟಲೆ ನೀರು ಹಾಕಿ ತೊಳೆದು, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಿದ್ದೆ. ಎಂಜಿನ್ನಿನ ಮೇಲೆ ಪ್ಲಗ್ ಬಿಚ್ಚಿದ ತೂತು ತೆರೆದೇ ಇತ್ತಂತೆ, ನೀರು ಅಲ್ಲಿಂದಲೇ ಒಳಗೆ ಇಳಿಯಿತಂತೆ. ನನಗೇನು ಗೊತ್ತು? ದೇವರಿಗೆ ಎರೆದ ಹಾಗೆ ಎರೆದೆ.

ನೀವಿದ್ದಾಗ ಹಾಲು ಉಕ್ಕಿದರೂ ನಿಮ್ಮನ್ನೇ ಬೈಯುತ್ತಿದ್ದೆ. "ಹೌದ ಬಿಡ, ನಂದ ತಪ್ಪು," ಅನ್ನುತ್ತಿದ್ದಿರಿ. ಇವತ್ತು ಯಾರೂ ಹಾಗೆ ಅನ್ನಲಿಲ್ಲ.

ನಿಜ ಹೇಳಬೇಕೆಂದು ಎರಡು ಸಲ ಮಾಂತೇಶನ ಹತ್ತಿರ ಹೋದೆ. ಎರಡು ಸಲವೂ ಚಹಾ ಇಟ್ಟು ಬಂದೆ. ಗಾಡಿ ಚಾಲೂ ಆದ ದಿನ, "ಅಜ್ಜ ಕೆಡಿಸಿದ್ದನ್ನ ನಾ ಸರಿಮಾಡಿದೆ" ಎಂದು ಅವನು ಓಣಿಯೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದನ್ನು ನಾನು ಹೇಗೆ ಕೇಳಿಸಿಕೊಳ್ಳಲಿ?

ಹೇಳಲೋ, ಬೇಡವೋ? ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ. ಸುಮ್ಮನಿದ್ದು ತಪ್ಪಿಸಿಕೊಳ್ಳಬೇಡಿರಿ.