ಪಂಪ್‌ಹೌಸ್ ಬಾಗಿಲ ಮೇಲಿನ ನಂಬರ್

ಕಡೂರು, ಸಂಜೆ ಆರು ಗಂಟೆ

ನಂಬರ್ ಯಾರದೆಂದು ತೋರಿಸುವ ಆ್ಯಪ್‌ನವರಿಗೆ,

ಇವತ್ತು ಪಂಚನಹಳ್ಳಿಯ ಚಿಕ್ಕಬೀರಪ್ಪನವರ ಸುಟ್ಟ ಬೋರ್‌ವೆಲ್ ಮೋಟಾರಿಗೆ ವೈಂಡಿಂಗ್ ಮಾಡಿ ಮುಗಿಸಿದೆ. ಓಡಿಸಿ ನೋಡಿ ಅವರು, "ನಮ್ಮ ಶಾಕಿರಣ್ಣನ ಕೈಯೇ ಕಣಮ್ಮ ಇದು" ಅಂದರು. ಅಷ್ಟರಲ್ಲಿ ಯಾವನೋ ನನ್ನ ಸ್ವಂತ ನಂಬರಿಗೆ ಫೋನ್ ಮಾಡಿ, "ಆ್ಯಪ್‌ನಲ್ಲಿ ಶಾಕಿರ್ ಹೆಂಡ್ತಿ ಅಂತ ತೋರಿಸ್ತಿದೆ, ಒಬ್ರೇ ಇದೀರಾ?" ಅಂದ.

ತೀರಿಕೊಂಡ ನನ್ನ ಮನೆಯವರು ಶಾಕಿರ್ ತಮ್ಮ ನಂಬರನ್ನು ಊರೂರಿನ ಪಂಪ್‌ಹೌಸ್ ಬಾಗಿಲ ಮೇಲೆ ತಾವೇ ಬಣ್ಣದಲ್ಲಿ ಬರೆದಿದ್ದರು. ಅದಕ್ಕೆ ಈಗ ನಾನು ಉತ್ತರಿಸುತ್ತೇನೆ. ಅದು ಎಲ್ಲರಿಗೂ ಸಿಗಲಿ. ನನ್ನ ಸ್ವಂತ ನಂಬರನ್ನು ನಾನು ನಿಮಗೆ ಕೊಟ್ಟಿಲ್ಲ. ಯಾರೋ 'ಶಾಕಿರ್ ಹೆಂಡ್ತಿ' ಅಂತ ಸೇವ್ ಮಾಡಿಕೊಂಡಿದ್ದ ಫೋನಿನಿಂದ ಎತ್ತಿಕೊಂಡಿದ್ದೀರಿ. ದಯವಿಟ್ಟು ಅಳಿಸಿಬಿಡಿ.

ನಾಳೆ ಬೋರ್‌ವೆಲ್‌ಗೆ ಮೋಟಾರ್ ಇಳಿಸಲು ಪಂಚನಹಳ್ಳಿಗೆ ಹೋಗುತ್ತೇನೆ. ಅಲ್ಲಿನ ಪಂಪ್‌ಹೌಸ್ ಬಾಗಿಲ ಮೇಲೆ ನನ್ನ ಮನೆಯವರ ನಂಬರಿನ ಕೆಳಗೆ ನನ್ನ ಹೆಸರನ್ನು ನಾನೇ ಬರೆಯುತ್ತೇನೆ.

ಇಂತಿ,
ಶಿರೀನ್ ತಾಜ್
ಮೋಟಾರ್ ರಿಪೇರಿ