ಸಂಜೆಯ ಮೇಲೆ ನೀರು ಕುಡಿಯದ ಓಣಿ

ಗಿರಣಿ ಓಣಿ,
ಫೆಬ್ರವರಿ ೩೦, ೨೨೧೪

ಇನ್ನೂರು ವರ್ಷ ಹಿಂದಿನವರಿಗೆ ಪಾರವ್ವ ಮಾಡುವ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ತಾರೀಖಿಲ್ಲವೆಂದು ಬಲ್ಲೆ. ನಮ್ಮಲ್ಲಿ ತಿಂಗಳುಗಳನ್ನು ಸಮ ಮಾಡಿದ್ದಾರೆ. ಓಣಿಗಳನ್ನು ಮಾತ್ರ ಮಾಡಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮ ಮನೆಯವರು ಫಕೀರಪ್ಪ ತೇವಗಿರಣಿಯಲ್ಲಿದ್ದಾರೆ, ಅಂದರೆ ಗಾಳಿ ಹಿಂಡಿ ಕುಡಿಯುವ ನೀರು ತೆಗೆಯುವ ಕಾರ್ಖಾನೆಯಲ್ಲಿ. ದೊಡ್ಡ ರಸ್ತೆಯಾಚೆಯ ಇಂದುಮತಿಯ ಗಂಡನೂ ಅಲ್ಲೇ. ಅದೇ ಪಾಳಿ, ಅದೇ ವಯಸ್ಸು. ಇಬ್ಬರಿಗೂ ಬಂದದ್ದು ಪ್ರಾಸ್ಟೇಟ್ ಕ್ಯಾನ್ಸರ್. ಅವರದ್ದು ಬೇಗ ಪತ್ತೆಯಾಗಿ ವಾಸಿಯಾಯಿತು. ನಮ್ಮವರದ್ದು ಬೆನ್ನುಮೂಳೆಗೆ ಇಳಿದ ಮೇಲೆ ಗೊತ್ತಾಯಿತು.

ಇಂದುಮತಿಯ ಮನೆಯಲ್ಲಿ ಪಾಯಖಾನೆ ಮಲಗುವ ಕೋಣೆಗೇ ಅಂಟಿಕೊಂಡಿದೆ. ಗಂಡ ರಾತ್ರಿ ಮೂತ್ರಕ್ಕೆಂದು ಮತ್ತೆ ಮತ್ತೆ ಎದ್ದು ನಿದ್ದೆ ಕೆಡಿಸುತ್ತಾರೆಂದು ಅವಳು ರೇಗಿ, ಅವರನ್ನು ಮೂಲೆಮನೆಗೆ ಎಳೆದೊಯ್ದಳು. ಮೂಲೆಮನೆಯೆಂದರೆ ರಕ್ತ ನೋಡಿ ರೋಗ ಹೇಳುವ ಕೋಣೆ. ಅವರ ಪ್ರತಿ ಬೀದಿಗೂ ಒಂದಿದೆ, ಆ ಬೀದಿಯವರ ಬೆರಳಿಗೆ ಮಾತ್ರ ಬಾಗಿಲು ತೆರೆಯುತ್ತದೆ.

ನಮ್ಮ ಓಣಿಗೆಲ್ಲ ಸೇರಿ ಇರುವುದು ಒಂದೇ ಪಾಯಖಾನೆ, ಅದೂ ಓಣಿಯ ಕೊನೆಯಲ್ಲಿ. ಅದಕ್ಕೇ ದೀಪ ಹಚ್ಚಿದ ಮೇಲೆ ಇಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಮಕ್ಕಳಿಗೂ ಅದೇ ಅಭ್ಯಾಸ ಮಾಡಿಸುತ್ತೇವೆ. ದಿನವಿಡೀ ನೀರು ಹಿಂಡುವ ಮನುಷ್ಯ ಬಾಯಾರಿಕೊಂಡೇ ಮಲಗುತ್ತಿದ್ದರು. “ರಾತ್ರಿ ಒಂದ್ ಸಲಾನೂ ಏಳಂಗಿಲ್ಲ ನೋಡ ನಾ, ಕಲ್ಲಿದ್ದಂಗ ಅದೀನಿ” ಎಂದು ಜಂಬ ಬೇರೆ. ನಾನೂ ನಂಬಿದೆ. ಏಳಲೇಬಾರದೆಂದು ಮೈ ಪಳಗಿಸಿಕೊಂಡವರಿಗೆ ರೋಗದ ಸುಳಿವು ಎಲ್ಲಿಂದ ಸಿಗಬೇಕು? ಬೆನ್ನುನೋವು ಬಂದಾಗಲೂ ಗಿರಣಿಯ ಕೆಲಸದ್ದು ಎಂದುಕೊಂಡೆವು.

ಮೊನ್ನೆ ಇಂದುಮತಿ ಬಂದಿದ್ದಳು. “ಆ ವರ್ಷ ನನಗ ನಿದ್ದೀನ ಇರ್ಲಿಲ್ರೀ ಪಾರವ್ವ” ಎಂದು ಕಷ್ಟ ಹೇಳಿಕೊಂಡಳು. ಚಹಾ ಕೊಟ್ಟೆ, ಹ್ಞೂಂ ಅಂದೆ. ಒಳಗೆ ಹೊಟ್ಟೆ ಧಗಧಗ ಉರಿಯುತ್ತಿತ್ತು. ಅವಳ ಬಂಗಾರ ಕಂಡು, ಮನೆ ಕಂಡು ನನಗೆಂದೂ ಹೀಗಾಗಿರಲಿಲ್ಲ. ಅವಳ ಆ ನಿದ್ದೆಗೇಡು ನನಗೆ ಬೇಕಿತ್ತು. ಅವಳು ಒಳ್ಳೆಯವಳೇ, ಅದೂ ನನಗೆ ಸಿಟ್ಟು ತರಿಸುತ್ತದೆ.

ಮುಂದಿನ ಬೇಸಿಗೆಯ ಮಾತೆತ್ತಿದರೆ ಡಾಕ್ಟರು ಈ ವಾರದ ನೋವಿನ ಗುಳಿಗೆಯ ಮಾತಾಡುತ್ತಾರೆ.

ನಿಮ್ಮ ಕಾಲದಲ್ಲಿ ಒಳಚರಂಡಿಯ ಕೊಳವೆ ದೊಡ್ಡ ರಸ್ತೆಯವರೆಗೆ ಬಂದು ನಿಂತಿತಂತೆ. ಉಳಿದದ್ದು ಮುಂದೆ ನೋಡೋಣ ಎಂದಿರಂತೆ. ಆ “ಮುಂದೆ”ಯಲ್ಲಿ ಇರುವವರು ನಾವು. ದಯವಿಟ್ಟು ಅದನ್ನು ರಸ್ತೆ ದಾಟಿಸಿ. ದಾಟಿಸಿದರೆ ಈ ಪತ್ರ ಬರೆದ ನಾನು ಇರುವುದಿಲ್ಲ. ನನ್ನ ಜಾಗದಲ್ಲಿ ಇನ್ನೊಬ್ಬ ಪಾರವ್ವ, ರಾತ್ರಿಯೆಲ್ಲ ಎದ್ದೇಳುವ ಫಕೀರಪ್ಪನನ್ನು ಬೈಯುತ್ತ, ನಿದ್ದೆಗೆಟ್ಟು ಕೂತಿರುತ್ತಾಳೆ. ಅವಳ ಮೇಲೆ ನನಗೆ ಈಗಲೇ ಹೊಟ್ಟೆಕಿಚ್ಚು.