ಕುತ್ತಿಗೆಗೆ ಹಚ್ಚಿದ ಅರಿಶಿನ

ಸೀಮಾ,

ನೀನು ಬಿಟ್ಟುಹೋದ ಮೊಬೈಲಿನಲ್ಲಿ ಇವತ್ತು ನಿನ್ನ ಇಟಲಿಯ ಕೊಲೆ ಸಿನಿಮಾ ಒಂದನ್ನು ಕೊನೆತನಕ ನೋಡಿದೆ. "ಶಿವ ಶಿವಾ, ಆ ರಕ್ತ ಏನ್ ನೋಡ್ತೀಬೇ?" ಎಂದು ನಿನ್ನನ್ನು ಬೈಯುತ್ತಿದ್ದೆ. "ರಕ್ತ ಬಿಡಬೇ ಯವ್ವಾ, ಬಣ್ಣ ನೋಡು, ಹಾಡು ಕೇಳು. ಕೊಂದವರ ಮಾರಿ ತೋರ್ಸೂದಿಲ್ಲ, ಕರೀ ಗ್ಲೌಸಿನ ಕೈ ಅಷ್ಟ. ಅವರ ಗುರುತು ಮಾತ್ರ ಮೊದಲ ನಮ್ಮ ಕಣ್ಣಮುಂದ ಇರ್ತೈತಿ" ಎನ್ನುತ್ತಿದ್ದೆ ನೀನು.

ನಿನ್ನ ಮಾತು ಖರೆ. ಸಿನಿಮಾದ ಮನೆ ತುಂಬ ಕುಂಕುಮದಂಥ ಬೆಳಕು. ಜೋಗುಳದಂಥ ಹಾಡು ಬಂತೆಂದರೆ ಯಾರದೋ ಜೀವ ಹೋಯಿತು. ಹೆದರಿಕೆಯಾದರೂ ಕಣ್ಣು ಕೀಳಲಾಗಲಿಲ್ಲ. ಅದರಲ್ಲೊಬ್ಬ ಹೆಂಗಸು ಮೊದಲಿಗೇ ಏನನ್ನೋ ನೋಡಿರುತ್ತಾಳೆ. ನೋಡಿದ್ದು ಏನೆಂದು ಅವಳಿಗೆ ಕೊನೆಗೆ ತಿಳಿಯುತ್ತದೆ.

ಮೊಬೈಲು ಕೆಳಗಿಟ್ಟೆ. ಆವತ್ತು ಬೆಳ್ಳಟ್ಟಿಯಲ್ಲಿ ನಿನ್ನ ಗಂಡನ ಮನೆಯವರು, ಸೀಮಾ ಮೆಟ್ಟಿಲಿಂದ ಬಿದ್ದು ಸತ್ತಳು ಎಂದಿದ್ದರು. ಮುತ್ತೈದೆಯನ್ನು ಮಣ್ಣಿಗೆ ಕಳಿಸುವಾಗ ಅರಿಶಿನ ಹಚ್ಚುವುದು ನಮ್ಮ ಪದ್ಧತಿ. ಆಗ ನಿನ್ನ ಅತ್ತೆ ಶಂಕ್ರೆವ್ವ ಬಟ್ಟಲು ನನ್ನ ಕೈಗಿಟ್ಟು, "ಬೀಗ್ತಿ, ಕುತ್ತಿಗಿಗೆ ದಪ್ಪಗ ಹಚ್ರಿ, ಮುತ್ತೈದಿ ಅದಾಳ" ಎಂದಳು. ಎಂಥ ಅಕ್ಕರೆ ಎಂದುಕೊಂಡೆ. ಕುತ್ತಿಗೆಯ ಸುತ್ತ ಕಪ್ಪು ಗೆರೆಯಿತ್ತು. ತಾಳಿ ಒತ್ತಿದ್ದೆಂದು ತಿಳಿದು, ಅದು ಮುಚ್ಚುವಷ್ಟು ಹಚ್ಚಿದೆ.

ನಾಳೆ ಅವರು ನಿನ್ನ ತಂಗಿ ವನಿತಾಳನ್ನು ನಿನ್ನ ಗಂಡನಿಗೆ ಕೇಳಲು ಬರುವವರಿದ್ದರು. ನಾನೂ ಹೂಂ ಅಂದಿದ್ದೆ. ಈಗ ಫೋನ್ ಮಾಡಿ, "ಬರಬ್ಯಾಡ್ರಿ" ಎಂದೆ. "ಯಾಕ್ರಿ ಬೀಗ್ತಿ?" ಎಂದಳು ಶಂಕ್ರೆವ್ವ. ಫೋನ್ ಕಟ್ ಮಾಡಿದೆ.

ಮಣ್ಣಾದವರನ್ನು ಮತ್ತೆ ಎಬ್ಬಿಸಬಾರದು ಎಂದು ನಂಬಿದವಳು ನಾನು. ಆದರೂ ಬೆಳಿಗ್ಗೆ ಪೂಜೆ ಮುಗಿಸಿ ಠಾಣೆಗೆ ಹೋಗುತ್ತೇನೆ. ನಿನ್ನನ್ನು ಮೇಲೆ ತೆಗೆಯಿರಿ, ನಾನು ಹಚ್ಚಿದ ಅರಿಶಿನ ತೊಳೆದು ನೋಡಿರಿ ಎಂದು ಕೇಳುತ್ತೇನೆ.